ಈರುಳ್ಳಿ ಗೋಡೌನು

ರಾಜಾನುಕುಂಟೆ ಕಡೆಗೆ ಹೋಗುವ ಬಸ್ಸು ನೀಲಗಿರಿ ತೋಪಿನ ತಿರುವಿನಲ್ಲಿ ಗುಂಡಿ ತಪ್ಪಿಸಲು ಬಲಕ್ಕೆ ವಾಲಿದಾಗ, ಕಿಟಕಿಯ ಪಕ್ಕ ನಿಂತಿದ್ದ ಶಶಿರೇಖಾಳಿಗೆ ತನ್ನದೇ ಮುಖ ಎದುರಾಯಿತು. ಸಣ್ಣ ಮುಖವಲ್ಲ, ಕಂಬಕ್ಕೆ ಕಟ್ಟಿದ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅವಳು ಯೂನಿಫಾರ್ಮ್ ತೊಟ್ಟು ನೆಟ್ಟಗೆ ನಿಂತಿದ್ದಳು. ತಲೆಗೆ ಟೋಪಿ, ಕೊರಳಲ್ಲಿ ಐಡಿ ಕಾರ್ಡು, ಕಾಲ ಬಳಿ ಯಾರೋ ಎರಚಿದ ಗುಲಾಬಿ ಹೂಗಳು. ಕೆಂಪಕ್ಷರದಲ್ಲಿ ಹೆಸರು, ಮುಂದೆ ‘ಅವರಿಗೆ ಹಾರ್ದಿಕ ಅಭಿನಂದನೆಗಳು’, ಅದರ ಕೆಳಗೆ ಇನ್ನೂ ದಪ್ಪನೆಯ ಒಂದು ಸಾಲು. ಆ ಭಾಗ ಗಾಳಿಗೆ ಮಡಚಿಕೊಂಡಿದ್ದರಿಂದ ಓದಲಾಗಲಿಲ್ಲ, ಬಸ್ಸಿನ ಓಟದಲ್ಲಿ ಹಿನ್ನೆಲೆಯಲ್ಲಿ ಏನಿದೆಯೆಂದೂ ಕಾಣಲಿಲ್ಲ. ಕಟ್ಟಕಡೆಗೆ ಒಂದು ಹಳದಿ ಬಾಣ. ಆ ಬಾಣ ಎಡಕ್ಕೆ, ತೋಪಿನ ಪಕ್ಕದ ಮಣ್ಣುರಸ್ತೆಯ ಕಡೆಗೆ ಚಾಚಿತ್ತು, ಅಂದರೆ ಯಾವ ಕಟ್ಟಡ ಎಲ್ಲಿದೆಯೆಂದು ಯಾರಿಗೂ ತೋರಿಸಬಾರದೋ ಅದರ ಕಡೆಗೇ. ಸೀಟಿನಲ್ಲಿದ್ದ ಹೆಂಗಸು ಒಮ್ಮೆ ಹೊರಗೆ ನೋಡಿ, ಒಮ್ಮೆ ಇವಳನ್ನು ನೋಡಿ, “ನೀವೇ ಅಲ್ವಾ ಅದು?” ಅಂದಳು. “ಅಲ್ಲ,” ಅಂದಳು ಶಶಿರೇಖಾ. ಅವಳು ಸೀರೆಯಲ್ಲಿದ್ದಳು, ಯೂನಿಫಾರ್ಮು ಚೀಲದಲ್ಲಿತ್ತು. ಅಲ್ಲ ಅನ್ನುವ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬಂತಲ್ಲ ಎಂದು ಅವಳಿಗೇ ಕಸಿವಿಸಿಯಾಯಿತು.

ಹಾಕಿದವನು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಗುಲಾಬಿ ಹೂ ಎರಚುವುದು ಅವಳ ತಮ್ಮ ಗೋಪಿಯ ಕೈಗುಣ. ಬಾಗಲಗುಂಟೆಯಲ್ಲಿ ಅವನದೊಂದು ಫ್ಲೆಕ್ಸ್ ಅಂಗಡಿ. ಲೀಡರುಗಳ ಹುಟ್ಟುಹಬ್ಬವಿರಲಿ, ಯಾರದಾದರೂ ವೈಕುಂಠ ಸಮಾರಾಧನೆಯಿರಲಿ, ಕಾಲ ಬಳಿ ಗುಲಾಬಿಯಿಲ್ಲದೆ ಅವನ ಮೆಷಿನ್ನಿನಿಂದ ಒಂದು ಮುಖವೂ ಹೊರಗೆ ಬಂದದ್ದಿಲ್ಲ. ಯುಗಾದಿಗೆ ಬಂದಾಗ, “ಊರವ್ರ ಮುಖ ಎಲ್ಲಾ ದೊಡ್ಡದ್ ಮಾಡ್ದೆ, ನಿಂದೊಂದು ಬಾಕಿ ಕಣಕ್ಕ,” ಅಂದಿದ್ದ. ಅವಳು ನಕ್ಕು ಇನ್ನೊಂದು ಒಬ್ಬಟ್ಟು ಹಾಕಿದ್ದಳು. ಪಿಯುಸಿಯಲ್ಲಿ ಅವನು ಡುಮ್ಕಿ ಹೊಡೆದಾಗ ಮನೆಯವರೆಲ್ಲ ಒಂದೊಂದು ಬೈಗುಳ ಹಾಕಿದ್ದರು. ಇವಳು ಮಾತ್ರ ಬೈಯಲಿಲ್ಲ; ಕೈಹಿಡಿದು ಕರೆದುಕೊಂಡು ಹೋಗಿ ಗೊರಗುಂಟೆಪಾಳ್ಯದ ಒಂದು ಸ್ಟಿಕ್ಕರ್ ಅಂಗಡಿಯಲ್ಲಿ ಕೂರಿಸಿ ಬಂದಿದ್ದಳು. ಅದನ್ನು ಅವನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಎಂದು ಈಗ ಬಸ್ಸಿನ ಕಂಬಿ ಹಿಡಿದುಕೊಂಡು ಅಂದುಕೊಂಡಳು. ಹೋದ ವಾರ ಭುಜಕ್ಕೆ ಸೂಪರ್‌ವೈಸರ್ ಪಟ್ಟಿ ಬಂದ ದಿನ, ಗೇಟಿನ ಹೊರಗೆ ನಿಂತು ಫೋಟೋ ತೆಗೆಸಿ ಅವನಿಗೆ ವಾಟ್ಸಾಪ್ ಮಾಡಿದವಳು ಅವಳೇ. ಫೋಟೋದಲ್ಲಿ ಹಿಂದೆ ಕಟ್ಟಡದ ಬೂದು ಗೋಡೆಯಿತ್ತು. ಐಡಿ ಕಾರ್ಡಿನ ಮೇಲೆ ಕಂಪನಿಯ ಹೆಸರಿತ್ತು, ಎಳೆದು ದೊಡ್ಡದು ಮಾಡಿದರೆ ಓದಬಹುದು. ಎಳೆದು ದೊಡ್ಡದು ಮಾಡುವುದೇ ಗೋಪಿಯ ಕಸುಬು. ಅವಳು ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇಳಿದು ಹಿಂದಕ್ಕೆ ನಡೆದು ಹೋಗಿ ಆ ಮಡಚಿದ ಸಾಲನ್ನು ಓದಿಬಿಡೋಣವೆಂದರೆ ಸ್ಟಾಪು ಇನ್ನೂ ಮುಂದಿತ್ತು, ಅಲ್ಲಿಂದ ಗೇಟಿಗೆ ಬೇರೆಯೇ ಕಾಲುದಾರಿ, ಮತ್ತೆ ಇವತ್ತು ಬ್ಯಾಂಕಿನವರು ತಪಾಸಣೆಗೆ ಬರುವ ದಿನ, ತಡವಾಗಿ ಹೋಗುವ ಹಾಗಿರಲಿಲ್ಲ.

ಆ ಕಟ್ಟಡಕ್ಕೆ ಬೋರ್ಡಿಲ್ಲ. ಕಿಟಕಿಯೂ ಇಲ್ಲ ಅನ್ನಬಹುದು, ಇರುವವು ಗೋಡೆಯ ಮೇಲೆ ಬರೆದ ಕಿಟಕಿಗಳು. ಹಿಂದುಗಡೆ ಸಾಲಾಗಿ ಜನರೇಟರುಗಳು, ಚಾವಣಿಯ ಮೇಲೆ ಹಗಲೂ ರಾತ್ರಿ ಗುಂಯ್ಯೆನ್ನುವ ಫ್ಯಾನುಗಳು, ಸುತ್ತ ಎರಡು ಸುತ್ತಿನ ಕಾಂಪೌಂಡು. ಒಳಗೆ ಇರುವುದು ಕಂಪ್ಯೂಟರುಗಳು, ಕಬ್ಬಿಣದ ಬೀರುಗಳಲ್ಲಿ ಸಾಲುಸಾಲಾಗಿ. ಊರಿನ ಜನ ಎಟಿಎಮ್ಮಿನಲ್ಲಿ ಕಾರ್ಡು ಹಾಕಿದಾಗ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದಾಗ, ಲೆಕ್ಕವೆಲ್ಲ ಇಂಥ ಯಾವುದೋ ಗೋಡೆಯೊಳಗೆ ಬಂದು ಕೂರುತ್ತದೆ. ಎಲ್ಲಿ ಕೂತಿದೆ ಎಂದು ಯಾರಿಗೂ ತಿಳಿಯದಿರುವುದೇ ಅದಕ್ಕೆ ಮೊದಲನೆಯ ಬೀಗ. ಸೇರಿದ ದಿನ ಸೆಕ್ಯುರಿಟಿ ಆಫೀಸರ್ ಅಕ್ಬರ್ ಪಾಷಾ ಸಾಹೇಬರು, ಮಿಲಿಟರಿಯಿಂದ ರಿಟೈರಾಗಿ ಬಂದವರು, ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: “ಯಾರಾದ್ರೂ ಕೇಳಿದ್ರೆ ಗೋಡೌನ್ ಅನ್ನಿ. ಹೆಂಡ್ತಿ ಕೇಳಿದ್ರೂ ಗೋಡೌನ್, ದೇವ್ರು ಕೇಳಿದ್ರೂ ಗೋಡೌನ್.” ದೇವರು ಕೇಳಲಿಲ್ಲ, ಅಮ್ಮ ಕೇಳಿದಳು. ಅಮ್ಮನ ಹೆಸರು ಮುನಿವೆಂಕಟಮ್ಮ. ಅರ್ಧ ಉತ್ತರಕ್ಕೆ ಬಿಡುವ ಪೈಕಿಯವಳಲ್ಲ. “ಗೋಡೌನು ಅಂದ್ರೆ ಏನ್ ಗೋಡೌನೇ?” ಎಂದಳು. ಶಶಿರೇಖಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. “ಈರುಳ್ಳಿ,” ಅಂದುಬಿಟ್ಟಳು.

ಅಲ್ಲಿಂದ ಶುರುವಾಯಿತು. ಯಲಹಂಕ ಹಳೇ ಟೌನಿನ ಬೀದಿಯಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ, ಅವಳು ಈರುಳ್ಳಿ ಗೋಡೌನಿನ ಶಶಿ. ಬೆಲೆ ಏರಿದಾಗಲೆಲ್ಲ ನೆಂಟರಿಗೆ ಅವಳ ನೆನಪಾಗುತ್ತಿತ್ತು. “ಅಷ್ಟೊಂದ್ ರಾಶಿ ಬಿದ್ದಿರುತ್ತೆ, ನಮ್ಗೂ ಒಂದೆರಡ್ ಕೆ.ಜಿ. ತಂದ್ರೆ ಯಾರ್ ಕೇಳ್ತಾರೆ?” ಎಂದು ಚಿಕ್ಕಮ್ಮ ಕೆಣಕಿದ್ದಕ್ಕೆ, ಸುಳ್ಳಿಗೆ ಸಾಕ್ಷಿ ಒದಗಿಸಲು ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡು ಹೋಗಿ ಕೊಟ್ಟಿದ್ದಳು. ಅದನ್ನು ತೆಗೆದುಕೊಂಡ ಚಿಕ್ಕಮ್ಮ ಅವಳ ಸೆರಗನ್ನು ಮೂಸಿ, “ಪಾಪ, ಮೈಯೆಲ್ಲಾ ಅದೇ ವಾಸ್ನೆ,” ಅಂದಿದ್ದಳು. ಎಸಿಯ ತಣ್ಣನೆ ಗಾಳಿಯಲ್ಲಿ, ಧೂಳಿನ ಒಂದು ಕಣವನ್ನೂ ಒಳಗೆ ಬಿಡದ ಜಾಗದಲ್ಲಿ ಕೆಲಸ ಮಾಡುವವಳ ಸೆರಗು ಅದು. ಅವಳು ಆ ದಿನ ಮನೆಗೆ ಬಂದು, ವಾಸನೆ ನಿಜವಾಗಿಯೂ ಇದೆಯೇನೋ ಎಂದು ತಾನೂ ಮೂಸಿ ನೋಡಿಕೊಂಡಳು. ಆಗ ಅವಳಿಗೆ ಗಂಡ ಬಿಟ್ಟು ಹೋಗಿ ಹೆಚ್ಚು ಕಾಲ ಆಗಿರಲಿಲ್ಲ. ಬೀದಿಯಲ್ಲಿ ಎಲ್ಲರೂ ಅವನೆಲ್ಲಿ, ಯಾಕೆ, ಯಾವಾಗ ಬರ್ತಾನೆ ಎಂದು ಕೇಳುತ್ತಿದ್ದರು. ಕೇಳದೆ ಇದ್ದದ್ದು ಈ ಕಟ್ಟಡ ಒಂದೇ. ತನ್ನ ಹೆಸರನ್ನು ಹೇಳಿಕೊಳ್ಳದ ಕಟ್ಟಡ, ಅವಳ ಕಥೆಯನ್ನೂ ಕೇಳಲಿಲ್ಲ. ಬೆರಳು ಇಡು ಅಂದಿತು, ಬೆರಳು ಇಟ್ಟಳು, ಬಾಗಿಲು ತೆರೆಯಿತು. ಆ ಒಂದು ಉಪಕಾರಕ್ಕೆ ಅವಳು ಎಷ್ಟು ಈರುಳ್ಳಿ ಬೇಕಾದರೂ ಹೊರಲು ಸಿದ್ಧಳಿದ್ದಳು.

ಗೇಟಿನಲ್ಲಿ ಮುನಿಶಾಮಪ್ಪ ಕೂತಿದ್ದ. ರಾಜಾನುಕುಂಟೆಯವನು, ಬಂದವರ ಗಾಡಿಯ ಕೆಳಗೆ ಕನ್ನಡಿ ಹಿಡಿದು ನೋಡುವ ಕೆಲಸ ಅವನದು. “ಏನಮ್ಮೋ, ಫೋಟೋ ಜೋರಾಗ್ ಬಂದೈತೆ,” ಅಂದ. “ನಾನ್ ತೆಗ್ದಿದ್ದೇ ಅಲ್ವಾ ಅದು? ಸೈಕಲ್ ತುಳ್ಕೊಂಡ್ ಬರ್ತಾ ನೋಡ್ದೆ. ಇಂಗೇ ನಿಂತ್ಕಂಬುಟ್ಟೆ.”

“ಏನ್ ಬರೆದಿದೆ ಮುನಿಶಾಮಣ್ಣ?”

“ನಂಗೆಲ್ಲಿ ಓದಾಕ್ ಬತ್ತದೆ, ಓಗಮ್ಮ.”

ಅವಳು ಇನ್ನೊಮ್ಮೆ ಗೋಪಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಆಮೇಲೆ ಫೋನು ನಿಯಮದಂತೆ ಲಾಕರಿಗೆ ಹೋಯಿತು, ಸಂಜೆಯವರೆಗೆ ಅದು ಕೈಗೆ ಸಿಗುವುದಿಲ್ಲ. ಯೂನಿಫಾರ್ಮ್ ತೊಟ್ಟು ಹೊರಬಂದರೆ ಪಾಷಾ ಸಾಹೇಬರು ಕಾರಿಡಾರಿನಲ್ಲೇ ನಿಂತಿದ್ದರು. ಅವರು ಹೆಸರಘಟ್ಟದ ಕಡೆಯಿಂದ ಬರುವವರು, ತೋಪಿನ ತಿರುವು ಅವರ ದಾರಿಯಲ್ಲಿಲ್ಲ. “ಶಶಿರೇಖಾ ಅವ್ರೆ, ರಸ್ತೇಲಿ ಏನೋ ಫ್ಲೆಕ್ಸ್ ಕಟ್ಟಿದಾರಂತೆ. ಡೀಸೆಲ್ ಟ್ಯಾಂಕರ್ ಡ್ರೈವರ್ ಹೇಳ್ದ. ನೋಡಿದ್ರಾ?”

“ನನ್ ತಮ್ಮ ಅಲ್ಲ ಸಾರ್,” ಅಂದಳು ಶಶಿರೇಖಾ.

ಪಾಷಾ ಸಾಹೇಬರ ಹುಬ್ಬು ಮೇಲೇರಿತು. “ತಮ್ಮ ಅಂತ ನಾನ್ ಕೇಳ್ಲಿಲ್ವಲ್ಲ,” ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಅವಳು ಶಾಲೆಯಲ್ಲಿ ವಿಸ್ತರಿಸಿ ಬರೆದಿದ್ದಳು. ಇವತ್ತು ಹೆಗಲೇ ಬಿಸಿಯಾಯಿತು. ಪಾಷಾ ಸಾಹೇಬರು ವಾಚು ನೋಡಿಕೊಂಡು, “ಬ್ಯಾಂಕಿನವರು ಹೋಗ್ಲಿ, ಆಮೇಲೆ ಮಾತಾಡೋಣ,” ಎಂದು ಹೊರಟರು. ಆಮೇಲೆ ಮಾತಾಡೋಣ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಒಬ್ಬ ಹುಡುಗ ಕಾಂಪೌಂಡಿನ ಮುಂದೆ ನಿಂತು ಸೆಲ್ಫಿ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದಕ್ಕೆ ಸಂಜೆಯೊಳಗೆ ಐಡಿ ಕಾರ್ಡು ಬಿಚ್ಚಿಸಿಕೊಂಡು ಕಳಿಸಿದ್ದರು. ಅವನು ಅತ್ತಿರಲಿಲ್ಲ, ಪಾಷಾ ಸಾಹೇಬರ ಕಣ್ಣೇ ಕೆಂಪಾಗಿತ್ತು.

ಅವಳ ಜಾಗ ಎರಡು ಬಾಗಿಲಿನ ಕೋಣೆ. ಒಂದು ಬಾಗಿಲು ಮುಚ್ಚಿಕೊಳ್ಳುವ ತನಕ ಇನ್ನೊಂದು ತೆರೆಯುವುದಿಲ್ಲ, ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಹೋಗುವಂತಿಲ್ಲ. ಒಳಗೆ ಹೋಗುವ ಹೆಂಗಸರನ್ನು ಅಲ್ಲೇ ನಿಲ್ಲಿಸಿ, ಕೈ ಚಾಚಿ ಅಂದು, ತಡವಿ ನೋಡಿ ಬಿಡುವುದು ಅವಳ ಕೆಲಸ. ಸೂಪರ್‌ವೈಸರ್ ಆದ ಮೇಲೆ ಬೇರೆ ಹುಡುಗಿಯರಿದ್ದರೂ ತಪಾಸಣೆಯ ದಿನ ಅವಳೇ ನಿಲ್ಲುತ್ತಾಳೆ. ನಿಂತಳು. ತಣ್ಣನೆಯ ಗಾಳಿ ಬರುತ್ತಿತ್ತು, ಗಾಜಿನ ಆಚೆ ಹಸಿರು ದೀಪಗಳು ಮಿಣುಕುತ್ತಿದ್ದವು. ನನ್ನ ತಮ್ಮ ಅಲ್ಲ. ಬಸ್ಸಿನಲ್ಲಿ ತನ್ನ ಮುಖವನ್ನೇ ಅಲ್ಲ ಅಂದಾಯಿತು, ಇಲ್ಲಿ ಒಡಹುಟ್ಟಿದವನನ್ನೇ ಅಲ್ಲ ಅಂದಾಯಿತು. ಸಂಜೆಯ ಹೊತ್ತಿಗೆ ಅಮ್ಮನೊಬ್ಬಳು ಉಳಿದಿರುತ್ತಾಳೆ ಎಂದು ಅವಳು ತನ್ನನ್ನೇ ಹಂಗಿಸಿಕೊಂಡಳು. ಆದರೆ ಹೆದರಿಕೆ ಇದ್ದದ್ದು ಫೋಟೋದ ಬಗ್ಗೆಯಲ್ಲ, ಬಾಣದ ಬಗ್ಗೆಯೂ ಅಲ್ಲ, ಆ ಮಡಚಿದ ಸಾಲಿನ ಬಗ್ಗೆ. ಯಾಕೆಂದರೆ ಗೋಪಿಗೆ ಗೊತ್ತು. ಮನೆಯಲ್ಲಿ ಅವನೊಬ್ಬನಿಗೇ ಗೊತ್ತು, ಹೇಳಿದವಳು ಅವಳೇ. ಅಮ್ಮನ ಗರ್ಭಕೋಶದ ಆಪರೇಷನ್ ಆದ ವರ್ಷ, ಡಿಸ್ಚಾರ್ಜ್ ದಿನ, ಆಸ್ಪತ್ರೆಯ ಕೌಂಟರಿನ ಹುಡುಗಿ ತಲೆ ಎತ್ತದೆ “ಸರ್ವರ್ ಡೌನ್” ಅಂದಳು. ಬೆಳಗಿನಿಂದ ಕಾದ ಜನ ಗೊಣಗಿದರು. ಗೋಪಿಯೂ, “ಯಾವನಕ್ಕ ಈ ಸರ್ವರ್ರು, ಯಾವಾಗ್ಲೂ ಡೌನ್ ಆಗೇ ಇರ್ತಾನೆ,” ಎಂದು ಉರಿದುಬಿದ್ದ. ಚಿಕ್ಕಮ್ಮನೂ ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ಕೂತು ಯಾರಿಗೋ, ನಮ್ ಶಶಿ ಈರುಳ್ಳಿ ಕಾಯ್ತಾಳೆ ಎಂದು ವಿವರಿಸುತ್ತಿದ್ದಳು. ಅದನ್ನು ಕೇಳಿದ ಶಶಿರೇಖಾಳ ಎದೆಯಲ್ಲಿ ಏನೋ ಉಕ್ಕಿತು. ಗೋಪಿಯ ಕಿವಿಗೆ ಬಗ್ಗಿ ಹೇಳಿದಳು: “ಆ ಸರ್ವರ್ ಅನ್ನೋದು ಇರೋದು ನಮ್ಮಂಥ ಕಡೆ ಕಣೋ. ಬ್ಯಾಂಕಿನ ಲೆಕ್ಕ ಎಲ್ಲಾ ನಮ್ಮಲ್ಲಿದೆ. ಗೋಡೌನ್ ಅಲ್ಲ ಅದು.” ಗೋಪಿ ಅವಳನ್ನು ನೋಡಿದ. ಹಾಲು ಕುಡಿಯುವಾಗ ತಟ್ಟನೆ ನಿಲ್ಲಿಸಿ ನೋಡುವ ಮಗುವಿನ ನೋಟ. “ಹೂಂ,” ಅಂದ, ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಮರೆತನೆಂದುಕೊಂಡಿದ್ದಳು. ಮರೆಯುವ ಜಾತಿಯವನಲ್ಲ ಎಂದು ಗೊತ್ತಿದ್ದೂ ಹಾಗೆಂದುಕೊಂಡಿದ್ದಳು. ಅಕ್ಕನನ್ನು ಊರು ಈರುಳ್ಳಿಯವಳು ಅಂದಿತಲ್ಲ, ಅದಕ್ಕೇ ಇವನು ದಪ್ಪಕ್ಷರದಲ್ಲಿ ನಿಜವನ್ನು ಬರೆದು ಊರಬಾಯಿ ಮುಚ್ಚಿಸಿದ್ದಾನೆ. ಅವಳಾದರೂ ಹಾಗೇ ಮಾಡುತ್ತಿದ್ದಳು. ಆ ಸಿಟ್ಟು ಮೊದಲು ಉಕ್ಕಿದ್ದು ಅವಳಿಗೇ ಅಲ್ಲವೇ.

ಬ್ಯಾಂಕಿನವರು ಹೇಳಿದ ಹೊತ್ತಿಗೆ ಬರಲಿಲ್ಲ. ಪಾಷಾ ಸಾಹೇಬರು ಎರಡು ಸಲ ಗೇಟಿಗೆ ಹೋಗಿ ಬಂದರು, ಗಾಜಿನಾಚೆ ಅವರ ಬೂಟುಗಳು ಅತ್ತಿತ್ತ ನಡೆಯುವುದು ಕಾಣುತ್ತಿತ್ತು. ಬ್ಯಾಂಕಿನವರು ಎಲ್ಲಿದ್ದಾರೆಂದು ಶಶಿರೇಖಾಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ತೋಪಿನ ತಿರುವಿನಲ್ಲಿ ಕಾರು ನಿಂತಿದೆ, ಕೋಟಿನವರು ಇಳಿದಿದ್ದಾರೆ, ಮೊಬೈಲಿನಲ್ಲಿ ಅವಳ ಮುಖದ ಫೋಟೋ ತೆಗೆಯುತ್ತಿದ್ದಾರೆ. ಸಂಜೆ ಐಡಿ ಕಾರ್ಡು ಬಿಚ್ಚಿ ಕೊಡುವಾಗ ಏನು ಹೇಳಬೇಕೆಂದು ಅವಳು ಮನಸ್ಸಿನಲ್ಲಿ ಕೂಡಿಸಿಕೊಳ್ಳತೊಡಗಿದಳು. ಉಂಡ ಮನೆಗೆ ಎರಡು ಬಗೆಯುವವಳಲ್ಲ ನಾನು ಸಾರ್. ಅದು ಸಿನಿಮಾದ ಮಾತಿನಂತಿತ್ತು, ಬಿಟ್ಟಳು. ತಮ್ಮನಿಗೆ ತಿಳಿವಳಿಕೆ ಇಲ್ಲ ಸಾರ್, ಓದಿಲ್ಲ. ಇದು ಅದಕ್ಕಿಂತ ಕೆಟ್ಟದಾಗಿತ್ತು. ಕೊನೆಗೆ ಒಂದೇ ಮಾತು ಉಳಿಯಿತು: ಈ ಜಾಗ ನನಗೆ ತುಂಬಾ ಮಾಡಿದೆ ಸಾರ್. ಅದನ್ನು ಹೇಳಿ ಹೋಗಬಹುದು, ಅದರಲ್ಲಿ ಸುಳ್ಳಿಲ್ಲ.

ಕೊನೆಗೂ ಬಂದರು. ಗಂಡಸರು ಆಚೆಯ ಬಾಗಿಲಿಂದ ಹೋದರು. ಹೆಂಗಸೊಬ್ಬರು, ಕನ್ನಡಕ ಹಾಕಿದ ನಡುವಯಸ್ಸಿನವರು, ಎರಡು ಬಾಗಿಲಿನ ಕೋಣೆಗೆ ಬಂದು ಕೈ ಚಾಚಿ ನಿಂತರು. ಬೆವರಿದ್ದರು. ಶಶಿರೇಖಾ ತಲೆತಗ್ಗಿಸಿಕೊಂಡು ತೋಳು ತಡವುತ್ತಿದ್ದಂತೆ ಅವರೇ ಮಾತಿಗೆ ಶುರು ಮಾಡಿದರು.

“ಎಷ್ಟು ಸುತ್ತಿದ್ವಿ ಗೊತ್ತಾ? ಆ ತಿರುವಿಗೆ ಎರಡು ಸಲ ಬಂದ್ವಿ. ಮ್ಯಾಪ್ ಅಲ್ಲೇ ಅಂತಿತ್ತು. ನಮ್ ಡ್ರೈವರ್ರು, ‘ಇಲ್ಲ ಮೇಡಂ, ಇದು ಈರುಳ್ಳಿ ಗೋಡೌನ್ ದಾರಿ, ಬೋರ್ಡ್ ಹಾಕಿದಾರೆ ನೋಡಿ’ ಅಂತ ಗಾಡಿ ತಿರುಗಿಸಿಬಿಟ್ಟ.”

ಶಶಿರೇಖಾಳ ಕೈ ಅವರ ಹೆಗಲ ಮೇಲೆಯೇ ನಿಂತುಹೋಯಿತು. “ಏನ್ ಬೋರ್ಡು ಮೇಡಂ?”

“ಈರುಳ್ಳಿ ಗೋಡೌನ್ ಅಂತ ಇಷ್ಟು ದೊಡ್ಡದಾಗಿ. ಯಾರೋ ಲೇಡಿ ಫೋಟೋ...” ಅವರು ಕನ್ನಡಕ ಸರಿ ಮಾಡಿಕೊಂಡು ಅವಳ ಮುಖ ನೋಡಿದರು. ಇನ್ನೊಮ್ಮೆ ನೋಡಿದರು. ಏನೋ ಹೊಳೆದು, ತುಟಿಯ ಅಂಚಿನಲ್ಲಿ ನಗು ತಡೆದುಕೊಂಡು, “ಇಪ್ಪತ್ತು ಕಡೆ ಇನ್‌ಸ್ಪೆಕ್ಷನ್ ಮಾಡಿದೀನಿ, ಇಂಥದು ನೋಡಿರ್ಲಿಲ್ಲ,” ಅಂದರು. ಹಿಂದಿನ ಬಾಗಿಲು ಮುಚ್ಚಿತು, ಮುಂದಿನದು ತೆರೆಯಿತು, ಅವರು ಹೋದರು. ಕೋಣೆಯಲ್ಲಿ ಶಶಿರೇಖಾ ಒಬ್ಬಳೇ ಉಳಿದಳು. ಗೋಪಿ ಈರುಳ್ಳಿ ಅಂತ ಬರೆದಿದ್ದಾನೆ. ನಿಜ ಗೊತ್ತಿದ್ದವನು, ಅಕ್ಕನ ಮುಖ ಮೊದಲ ಸಲ ಊರಿಗೆ ತೋರಿಸುವಾಗ, ಅವಳು ಹೇಳಬಾರದಿದ್ದರೂ ಹೇಳಿದ್ದ ನಿಜವನ್ನು ಬಿಟ್ಟು, ಹೇಳಬೇಕಾದ ಸುಳ್ಳನ್ನೇ ಆರಿಸಿ ದಪ್ಪಕ್ಷರದಲ್ಲಿ ಬರೆದಿದ್ದಾನೆ. ಅವನನ್ನು ಬೆಳಗಿನಿಂದ ತಿಳಿವಳಿಕೆ ಇಲ್ಲದವನು ಅನ್ನಲು ಅಭ್ಯಾಸ ಮಾಡುತ್ತಿದ್ದವಳು ಅವಳು. ನಾಚಿಕೆಯಾಯಿತು, ಅದರ ಹಿಂದೆಯೇ ಅಳು ಬಂತು. ಕ್ಯಾಮೆರಾ ಇದೆ ಎಂದು ನೆನಪಾಗಿ ಟೋಪಿಯ ಅಂಚನ್ನು ಹಣೆಗೆ ಎಳೆದುಕೊಂಡಳು.

ಮಧ್ಯಾಹ್ನ ಬ್ಯಾಂಕಿನವರು ಹೋದ ಮೇಲೆ ಪಾಷಾ ಸಾಹೇಬರು ಕರೆಸಿದರು. ಅಷ್ಟರಲ್ಲಿ ಯಾವುದೋ ಹೋಟೆಲಿನವನು ಟೆಂಪೋ ತಂದು ಗೇಟಿನಲ್ಲಿ ಈರುಳ್ಳಿ ಮೂಟೆ ಕೇಳಿದ್ದನಂತೆ, ಮುನಿಶಾಮಪ್ಪ ಕನ್ನಡಿ ಹಿಡಿದು ಗಾಡಿಯ ಕೆಳಗೆಲ್ಲ ನೋಡಿ, “ಸ್ಟಾಕ್ ಖಾಲಿ ಆಗೋಗೈತೆ, ಓಗಪ್ಪ” ಎಂದು ಕಳಿಸಿದ್ದನಂತೆ. ಇದನ್ನು ಹೇಳುವಾಗಲೂ ಪಾಷಾ ಸಾಹೇಬರು ನಗಲಿಲ್ಲ. “ಬಾಣ ಹಾಕಿದ್ದು ತಪ್ಪು. ಜನ ಬರೋಕೆ ಶುರು ಮಾಡ್ತಾರೆ. ಸಂಜೆ ಹೋಗ್ತಾ ಬಿಚ್ಚಿಸಿ,” ಅಂದರು. ಮತ್ತೆ, “ಹರೀಬೇಡಿ, ಮಡಚಿ ತಗೊಂಡ್ ಹೋಗಿ,” ಅಂದರು.

“ಸಾರ್, ಬೆಳಿಗ್ಗೆ ನಾನು ತಮ್ಮ ಅಲ್ಲ ಅಂದಿದ್ದು...”

“ನಮ್ಮನೇಲಿ ಟೈಲ್ಸ್ ಗೋಡೌನ್ ಅಂತ ಹೇಳಿದೀನಿ,” ಎಂದು ಅವರು ಮಾತು ತಡೆದರು. “ನನ್ ಅಳಿಯ ಇವತ್ತಿಗೂ ಡಿಸ್ಕೌಂಟಲ್ಲಿ ಟೈಲ್ಸ್ ಕೊಡಿಸ್ಲಿಲ್ಲ ಅಂತ ಮುಖ ಕೊಟ್ಟು ಮಾತಾಡಲ್ಲ. ನನಗೆ ಗೊತ್ತಮ್ಮ ಇದೆಷ್ಟು ಕಷ್ಟ ಅಂತ. ಒಡಹುಟ್ಟಿದ ತಮ್ಮನಿಗೂ ಬಾಯಿ ಬಿಡದೆ ಇಷ್ಟು ವರ್ಷ ಇಟ್ಕೊಂಡಿದೀರಿ. ಪಾಪ, ಅವನು ಈರುಳ್ಳಿ ಅಂತಾನೇ ನಂಬಿದಾನೆ. ನಿಮಗೆ ಆ ಪಟ್ಟಿ ಕೊಡಿಸಿದ್ದು ನಾನು ಅಂತ ಹೇಳ್ಕೊಳೋಕೆ ನನಗೆ ಸಂತೋಷ.”

ಅವಳು ಬಾಯಿ ತೆರೆದಳು. ಹೊಗಳಿಕೆ ಸೇರಬೇಕಾದ ಜಾಗ ಬೇರೆ ಎಂದು ಹೇಳಬೇಕಿತ್ತು. ಹೇಳಿದರೆ ಹೊಗಳಿಕೆಯೂ ಇಲ್ಲ, ಕೆಲಸವೂ ಇಲ್ಲ, ಗೋಪಿ ಅಷ್ಟು ಜೋಪಾನವಾಗಿ ಕಾಯ್ದದ್ದು ಅವಳ ಕೈಯಿಂದಲೇ ಒಡೆದುಹೋಗುತ್ತದೆ. ಕೊನೆಗೆ, “ತುಂಬಾ ಉಪಕಾರ ಸಾರ್,” ಅಂದಳು. ಆ ಮಾತಿನ ಅರ್ಧ ಪಾಷಾ ಸಾಹೇಬರಿಗೆ ಸಂದಿತು. ಉಳಿದರ್ಧ ಎಲ್ಲಿಗೆ ಹೋಯಿತೆಂದು ಅವರಿಗೆ ತಿಳಿಯಬೇಕಾಗಿರಲಿಲ್ಲ.

ಸಂಜೆ ಮುನಿಶಾಮಪ್ಪ ಏಣಿ ಹೊತ್ತುಕೊಂಡು ಜೊತೆಗೆ ಬಂದ. ಬಿಸಿಲಿನ್ನೂ ತೋಪಿನ ತುದಿಯಲ್ಲಿತ್ತು, ವಿಮಾನವೊಂದು ಯಲಹಂಕದ ಏರ್‌ಬೇಸಿನ ಕಡೆಗೆ ಇಳಿಯುತ್ತಿತ್ತು. ಗಾಳಿ ನಿಂತಿದ್ದರಿಂದ ಮಡಚಿದ್ದ ಸಾಲು ಬಿಚ್ಚಿಕೊಂಡಿತ್ತು. ‘ಈರುಳ್ಳಿ ಗೋಡೌನಿನ ಸೂಪರ್‌ವೈಸರ್ ಆಗಿ ಬಡ್ತಿ ಹೊಂದಿದ್ದಕ್ಕಾಗಿ’ ಎಂದಿತ್ತು. ಅವಳ ಹಿಂದೆ ಇರಬೇಕಾದ ಬೂದು ಗೋಡೆಯಿರಲಿಲ್ಲ. ಅದನ್ನು ಪೂರ್ತಿ ಅಳಿಸಿ, ಆ ಜಾಗದಲ್ಲಿ ಈರುಳ್ಳಿಯ ಬೆಟ್ಟವನ್ನೇ ತಂದು ನಿಲ್ಲಿಸಿದ್ದ. ತೋಳಿನ ಮೇಲಿದ್ದ ಕಂಪನಿಯ ಬಿಲ್ಲೆಯನ್ನೂ ಅಳಿಸಿದ್ದ. ಕೂದಲಿನ ಅಂಚು, ಟೋಪಿಯ ಅಂಚು ಒಂದಿಷ್ಟೂ ಕೆಡದಂತೆ ಕತ್ತರಿಸಿದ್ದ, ಎಷ್ಟು ಹೊತ್ತು ಕೂತು ಮಾಡಿದನೋ. ಮುನಿಶಾಮಪ್ಪ ತಂತಿ ಬಿಚ್ಚಿ ಫ್ಲೆಕ್ಸನ್ನು ನಿಧಾನವಾಗಿ ಕೆಳಗಿಳಿಸಿದ. ಅದು ಅವಳ ಕಣ್ಣಿನ ಮಟ್ಟಕ್ಕೆ ಬಂದಾಗ ಐಡಿ ಕಾರ್ಡು ಕಾಣಿಸಿತು. ಕಂಪನಿಯ ಹೆಸರಿದ್ದ ಕಡೆ, ರಸ್ತೆಯಿಂದ ಯಾರಿಗೂ ಓದಲಾಗದಷ್ಟು ಚಿಕ್ಕದಾಗಿ, ಬೇರೆ ಒಂದು ಪದ ಟೈಪು ಮಾಡಿದ್ದ. ‘ಅಕ್ಕ’ ಎಂದಿತ್ತು.

“ಏನಮ್ಮ, ಅಳ್ತಾ ಇದೀಯಾ?” ಅಂದ ಮುನಿಶಾಮಪ್ಪ ಏಣಿಯ ಮೇಲಿಂದ.

“ಈರುಳ್ಳಿ ಅಲ್ವಾ ಮುನಿಶಾಮಣ್ಣ,” ಅಂದಳು.

ಬಸ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡಿದಳು. ಈ ಸಲ ಗೋಪಿ ಎತ್ತಿದ. ಹಿಂದೆ ಮೆಷಿನ್ನು ಓಡುವ ಸದ್ದಿತ್ತು.

“ನೋಡ್ದಾ ಅಕ್ಕ? ಹೆಂಗಿದೆ? ರಾತ್ರಿಯೆಲ್ಲಾ ಕೂತಿದ್ದೆ, ಬೆಳಿಗ್ಗೆ ಕಟ್ಟಿ ಬಂದು ಮಲಗಿಬಿಟ್ಟೆ.”

“ಬಿಚ್ಚಿಸ್ದೆ ಕಣೋ. ಬೋರ್ಡ್ ಹಾಕಂಗಿಲ್ಲ ಅಂದ್ರು.”

“ಅಯ್ಯೋ. ನಿಂಗ್ ಏನಾದ್ರೂ ಅಂದ್ರಾ?”

“ಇಲ್ಲ. ಚೆನ್ನಾಗಿದೆ ಅಂದ್ರು.” ಫ್ಲೆಕ್ಸಿನ ಸುರುಳಿಯನ್ನು ಇನ್ನೊಂದು ಕಂಕುಳಿಗೆ ದಾಟಿಸಿದಳು. “ಗೋಪಿ, ಈರುಳ್ಳಿ ಅಂತ ಯಾಕ್ ಬರೆದೆ?”

“ಇನ್ನೇನ್ ಬರೀಲಿ? ನೀನೇ ಅಲ್ವಾ ಹೇಳಿದ್ದು.”

“ಆಸ್ಪತ್ರೇಲಿ ಇನ್ನೊಂದ್ ಹೇಳಿದ್ದೆ ಕಣೋ.”

ಮೆಷಿನ್ನಿನ ಸದ್ದು ನಿಂತಿತು. “ಯಾವ ಆಸ್ಪತ್ರೆ? ಏನ್ ಹೇಳಿದ್ದೆ?” ಅಂದ ಗೋಪಿ. “ನಂಗೇನೂ ನೆನಪಿಲ್ಲ ಕಣಕ್ಕ.”

ಬಸ್ಸು ಬಂತು. ಸುತ್ತಿದ ಫ್ಲೆಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಏನಮ್ಮ ಅದು ಎಂದು ಕೇಳಿದ್ದಕ್ಕೆ, ನನ್ನ ಫೋಟೋ, ನನ್ನ ತಮ್ಮ ಮಾಡಿದ್ದು, ಅಂದಳು. ಯಲಹಂಕದಲ್ಲಿ ಇಳಿದವಳು ಮನೆಯ ಕಡೆಗೆ ತಿರುಗದೆ ಮಾರ್ಕೆಟ್ಟಿಗೆ ಹೋಗಿ ಎರಡು ಕೆ.ಜಿ. ಈರುಳ್ಳಿ ಕೊಂಡು, ಬಾಗಲಗುಂಟೆ ಕಡೆಗೆ ಹೋಗುವ ಬಸ್ಸಿಗೆ ನಿಂತಳು. ಗೋಡೌನಿನವರು ತಮ್ಮನ ಮನೆಗೆ ಬರಿಗೈಯಲ್ಲಿ ಹೋಗಬಾರದು.